ಹುಡುಕಿದರೂ ಸಿಗದ ಆಲ್ಬಂ

ವರ್ಷದ ಕೊನೆ ಬಂತೆಂದರೆ ಇಂಡೀ ಸಂಗೀತದ ಭಕ್ತರು ಮೆಚ್ಚಿನ ಆಲ್ಬಂಗಳ ಪಟ್ಟಿ ಹೊರಡಿಸುತ್ತಾರೆ. ಅದರಲ್ಲಿ ನಮಗೆ ಗೊತ್ತಿರುವ ಒಂದು ಹೆಸರಿದ್ದರೂ ಅವರ ಮರ್ಯಾದೆ ಹೋದಂತೆ. 2024ರಲ್ಲಿ ಈ ಮಂದಿಗೆ ಸುಗ್ಗಿಯೋ ಸುಗ್ಗಿ. ಸಿಂಡಿ ಲೀ ಹೆಸರಿನಲ್ಲಿ ಹಾಡುವ ಕೆನಡಾದ ಪ್ಯಾಟ್ರಿಕ್ ಫ್ಲೆಗೆಲ್ ಅವರ ‘ಡೈಮಂಡ್ ಜುಬಿಲಿ’ ಬಂತು: 32 ಹಾಡು, ಎರಡು ಗಂಟೆ. ಸ್ಪಾಟಿಫೈನಲ್ಲಿ ಹುಡುಕಿದರೆ ಇರಲಿಲ್ಲ. ಯೂಟ್ಯೂಬಿನಲ್ಲಿ ಇಡೀ ಆಲ್ಬಂ ಒಂದೇ ವಿಡಿಯೋ. ಬೇಡವೆಂದರೆ ತೊಂಬತ್ತರ ದಶಕದ ಜಿಯೋಸಿಟೀಸ್ ಪುಟಗಳ ಚಹರೆಯ ವೆಬ್‌ಸೈಟಿಗೆ ಹೋಗಿ ಇಳಿಸಿಕೊಳ್ಳಬೇಕಿತ್ತು. 30 ಕೆನಡಾ ಡಾಲರ್ ಕೊಟ್ಟರೆ ಸಂತೋಷ ಎಂಬ ಕೋರಿಕೆ ಬೇರೆ. ಸಂಗೀತ ವಿಮರ್ಶೆಯ ತಾಣ ಪಿಚ್‌ಫೋರ್ಕ್ ಹತ್ತಕ್ಕೆ 9.1 ಅಂಕ ಕೊಟ್ಟದ್ದೇ ತಡ, ಜನ ಮುಗಿಬಿದ್ದರು.

ಹಾಡುಗಳೋ, ಪಕ್ಕದ ಮನೆಯ ಹಳೇ ರೇಡಿಯೋದಲ್ಲಿ ಅರವತ್ತರ ದಶಕದ ಸ್ಟೇಷನ್ ಸಿಕ್ಕಿದ ಹಾಗೆ: ಗಿಟಾರ್ ಕೊರಕೊರ ಎನ್ನುತ್ತದೆ, ದನಿ ಗೋಡೆಯಾಚೆಯಿಂದ ತೇಲಿ ಬರುತ್ತದೆ. ನಿಜಕ್ಕೂ ಸೊಗಸು. ಎರಡು ಗಂಟೆ ಜಾಸ್ತಿಯಾಯಿತು ಎಂದು ಭಕ್ತರೆದುರು ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಅಮೆರಿಕದ ಗಾಯಕ ಎಂ.ಜೆ. ಲೆಂಡರ್‌ಮನ್ ಅವರ ‘ಮ್ಯಾನಿಂಗ್ ಫೈರ್‌ವರ್ಕ್ಸ್’ ಕೂಡ ಅದೇ ವರ್ಷದ್ದು. ಬಲು ಚೆನ್ನಾಗಿದೆ, ಆದರೆ ಎಲ್ಲ ಕಡೆ ಸಲೀಸಾಗಿ ಸಿಗುತ್ತದಲ್ಲ, ಏನು ಗಮ್ಮತ್ತು? ಅಕ್ಟೋಬರಿನಲ್ಲಿ ‘ಡೈಮಂಡ್ ಜುಬಿಲಿ’ಯೂ ಹಾಡು ಮಾರುವ ತಾಣ ಬ್ಯಾಂಡ್‌ಕ್ಯಾಂಪಿಗೆ ಬಂತು. ಅಂದಿನಿಂದ ನನ್ನ ಗೆಳೆಯನೊಬ್ಬ, “ಮೊದಲಿನ ಮಜಾ ಇಲ್ಲ ಮಾರಾಯ” ಎನ್ನುತ್ತಿದ್ದಾನೆ.