ಮೆಗಾಬಿಟ್ ಮೇಷ್ಟ್ರು

ಊರು ಅಂದಮೇಲೆ ಅಲ್ಲಿ ಜಾತಕ ನೋಡುವವರು ಒಬ್ಬರು, ಎತ್ತಿನ ಸುಳಿ ನೋಡುವವರು ಒಬ್ಬರು, ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟು ತೋರಿಸುವವರು ಒಬ್ಬರು ಇದ್ದೇ ಇರುತ್ತಾರೆ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಇನ್ನೊಬ್ಬರು ಸೇರಿದ್ದಾರೆ. ಮನೆಗೆ ಯಾವ ಕಂಪನಿಯ ಬ್ರಾಡ್‌ಬ್ಯಾಂಡ್ ಹಾಕಿಸಬೇಕು, ಯಾವುದನ್ನು ಯಾವಾಗ ಬಿಡಬೇಕು ಅಂತ ಕೇಳದೆಯೇ ಹೇಳುವವರು. ಚಳ್ಳಕೆರೆಯಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅಷ್ಟೂ ಜನರನ್ನು ಕಲಸಿ ಒಬ್ಬರನ್ನು ಮಾಡಿ, ಅನುಕೂಲಕ್ಕೆ ಮೆಗಾಬಿಟ್ ಮೇಷ್ಟ್ರು ಅಂತ ಕರೆಯೋಣ.

ಮೇಷ್ಟ್ರು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ರಿಟೈರಾದವರು. ಬೆಳಿಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಳ್ಳುವುದು ಹಿರಿಯರ ಪದ್ಧತಿ. ಇವರು ಅಂಗೈಯಲ್ಲಿ ಮೊಬೈಲ್ ಹಿಡಿದು ಸ್ಪೀಡ್ ಟೆಸ್ಟ್ ಮಾಡುತ್ತಾರೆ. ಬಂದ ಅಂಕಿಯನ್ನು ಬಿಪಿ, ಶುಗರ್ ಬರೆದಿಡುವ ಡೈರಿಯಲ್ಲೇ ಬರೆಯುತ್ತಾರೆ. ಒಮ್ಮೆ ಡಾಕ್ಟರು ಆ ಡೈರಿ ತಿರುವಿ, "ಏನ್ ಮೇಷ್ಟ್ರೇ, ಬೆಳಿಗ್ಗೆ 94 ಇದ್ದದ್ದು ರಾತ್ರಿ ಎಂಟಕ್ಕೆ 11ಕ್ಕೆ ಇಳಿದಿದೆ, ನೀವಿನ್ನೂ ಓಡಾಡ್ತಿದ್ದೀರಲ್ಲ!" ಅಂತ ಗಾಬರಿಯಾದರಂತೆ. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಅವರ ದೂರನ್ನು ಗಂಭೀರವಾಗಿ ತೆಗೆದುಕೊಂಡ ಮೊದಲ ಮನುಷ್ಯ ಆ ಡಾಕ್ಟರು.

ಇಷ್ಟು ಸ್ಪೀಡು ಇಟ್ಟುಕೊಂಡು ಮಾಡುವುದೇನು ಅಂತ ಮಾತ್ರ ಕೇಳಬಾರದು. ಬೆಳಿಗ್ಗೆ ವಾಟ್ಸಾಪ್ ಗುಂಪುಗಳಿಗೆಲ್ಲ ಶುಭೋದಯ, ಮಧ್ಯಾಹ್ನ ಊಟವಾದ ಮೇಲೆ ರಾಜ್‌ಕುಮಾರ್ ಸಿನಿಮಾ, ಸಂಜೆ ಬೆಂಗಳೂರಿನ ಮಗಳ ಜೊತೆ ವಿಡಿಯೊ ಕಾಲ್. ಸಿನಿಮಾ ಅರ್ಧಕ್ಕೆ ಬರುವಷ್ಟರಲ್ಲಿ ಮೇಷ್ಟ್ರಿಗೆ ನಿದ್ದೆ. ಅದು ಪೂರ್ತಿ ವೇಗದಲ್ಲಿ ತನ್ನಷ್ಟಕ್ಕೆ ಓಡುತ್ತಿರುತ್ತದೆ.

"ರೀ, ಅದೇ ಮಗಳು, ಅದೇ ಸಿನಿಮಾ. ಅದಕ್ಕೆ ಮುನ್ನೂರು ಎಂಬಿಪಿಎಸ್ ಯಾಕ್ರೀ?" ಅಂತ ಮನೆಯಾಕೆ ಕೇಳಿದ್ದುಂಟು.

"ಎದುರುಮನೆಯೋರದು ಇನ್ನೂರು ಕಣೇ."

ಇದಕ್ಕಿಂತ ಬಲವಾದ ತಾಂತ್ರಿಕ ಕಾರಣವನ್ನು ಯಾವ ಎಂಜಿನಿಯರೂ ಈವರೆಗೆ ಕೊಟ್ಟಿಲ್ಲ.

ಸಂಜೆ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯ ಮುಂದೆ ಮೇಷ್ಟ್ರ ತರಗತಿ ಶುರುವಾಗುತ್ತದೆ. ಎಣ್ಣೆ ಮಿಲ್ಲಿನ ಲೆಕ್ಕ ಬರೆಯುವವರು, ಶೇಂಗಾ ವ್ಯಾಪಾರಿಗಳು, ಬಸ್ಸಿಗೆ ಕಾಯುವವರು ಎಲ್ಲರೂ ವಿದ್ಯಾರ್ಥಿಗಳೇ. "ನೂರು ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ ನೂರು ಎಂಬಿ ಇಳಿಯುತ್ತೆ ಅಂದ್ಕೊಂಡ್ರಾ? ತಪ್ಪು! ಅದು ಬಿಟ್ಟು, ಇದು ಬೈಟು. ಎಂಟು ಬಿಟ್ಟಿಗೆ ಒಂದು ಬೈಟು. ಎಂಟರಿಂದ ಭಾಗಿಸಿ. ಎಷ್ಟಾಯ್ತು?" ಒಬ್ಬ ಮೆಣಸಿನಕಾಯಿ ಕಚ್ಚುತ್ತ "ಹನ್ನೆರಡೂವರೆ" ಅನ್ನುತ್ತಾನೆ. "ಭೇಷ್! ಇನ್ನು 499 ರೂಪಾಯಿ ಪ್ಲಾನು. ಅದಕ್ಕೆ ಶೇಕಡಾ 18 ಜಿಎಸ್‌ಟಿ. ಕೈಯಿಂದ ಹೋಗೋದು 588 ರೂಪಾಯಿ 82 ಪೈಸೆ. ಇನ್ನು ಅನ್‌ಲಿಮಿಟೆಡ್ ಅಂತಾರಲ್ಲ, ಕೆಳಗೆ ಇರುವೆ ಸೈಜಿನ ಅಕ್ಷರದಲ್ಲಿ ಏನೈತೆ ಓದಿದ್ದೀರಾ? ತಿಂಗಳಿಗೆ 3300 ಜಿಬಿ. ಅಲ್ಲಿಗೆ ಮುಗೀತು." ಆ 3300ರಲ್ಲಿ ಮುನ್ನೂರನ್ನೂ ಮುಟ್ಟದ ಮೇಷ್ಟ್ರಿಗೆ ಉಳಿದ ಮೂರು ಸಾವಿರದ ಮೇಲೆ ಮಿತಿ ಹೇರಿದ್ದು ಸಹಿಸಲಾಗದ ಅನ್ಯಾಯ.

ಸಮಾಜ ಪಾಠದವರಾದ್ದರಿಂದ ಈ ಚರ್ಚೆ ಅಶೋಕನನ್ನು ಮುಟ್ಟದೆ ಮುಗಿಯುವುದಿಲ್ಲ. ಮೇಷ್ಟ್ರಿಗೆ ಮೊಳಕಾಲ್ಮೂರು ಮಾವನ ಮನೆ. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. "ಆ ಸಂದೇಶ ಹೊರಟಿದ್ದು ಎಲ್ಲಿಂದ? ಸುವರ್ಣಗಿರಿಯಿಂದ. ಬಂದಿದ್ದು ಎಲ್ಲಿಗೆ? ಇಸಿಲದ ಮಹಾಮಾತ್ರರಿಗೆ. ಮೊದಲ ಮಾತೇ ಆರೋಗ್ಯ ವಿಚಾರಣೆ! ಕಸ್ಟಮರ್ ಕೇರ್ ಅಂದ್ರೆ ಅದು. ಬರೆದವನು ಲಿಪಿಕಾರ ಚಪಡ ಅಂತ ಹೆಸರನ್ನೂ ಹಾಕಿ ಹೋಗಿದ್ದಾನೆ. ನಮ್ಮ ಟೆಕ್ನಿಷಿಯನ್ನು ಹೆಸರು ಕೇಳಿದ್ರೆ ಲೈನ್ ಕಟ್ ಮಾಡ್ತಾನೆ. ಎರಡು ಸಾವಿರದ ಇನ್ನೂರು ವರ್ಷದಿಂದ ಒಂದು ದಿನ ಡೌನ್ ಆಗಿಲ್ಲ ಆ ಸರ್ವರ್ರು!"

ಇಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಆದರೆ ಆ ಶಾಸನದಲ್ಲಿ 256 ಅನ್ನುವ ಒಂದು ಅಂಕಿ ಇದೆ. ಅದು ಅಶೋಕ ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕವೋ ಮತ್ತೊಂದೋ ಅಂತ ವಿದ್ವಾಂಸರು ಬಹುಕಾಲ ವಾದಿಸಿದ್ದಾರೆ. ಮೇಷ್ಟ್ರಿಗೆ ಸಂಶಯವೇ ಇಲ್ಲ. ಭಾರತ ಸರ್ಕಾರ 2004ರಲ್ಲಿ ಬ್ರಾಡ್‌ಬ್ಯಾಂಡ್ ನೀತಿ ತಂದಾಗ ಕನಿಷ್ಠ ವೇಗ ಎಷ್ಟು ಅಂತ ನಿಗದಿ ಮಾಡಿತ್ತು? ಸೆಕೆಂಡಿಗೆ 256 ಕಿಲೋಬಿಟ್. "ದೆಹಲಿಯೋರಿಗೆ ಈ ನಂಬರು ಎಲ್ಲಿಂದ ಸಿಕ್ತು ಅಂದ್ಕೊಂಡಿದ್ದೀರಿ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಮೇಷ್ಟ್ರು ಟೀ ಹೀರುತ್ತಾರೆ. ಸರ್ಕಾರ 2023ರಲ್ಲಿ ಆ ಕನಿಷ್ಠವನ್ನು 2 ಎಂಬಿಪಿಎಸ್‌ಗೆ ಏರಿಸಿದ್ದು ಅವರ ಪ್ರಕಾರ ಅಶೋಕನಿಗೆ ಮಾಡಿದ ಅವಮಾನ.

ಇನ್ನು ಕಂಪನಿ ಬದಲಾಯಿಸುವ ವಿಚಾರ. ಮೊಬೈಲಾದರೆ 2011ರ ಜನವರಿಯಿಂದ ದೇಶದಲ್ಲೆಲ್ಲ ಸುಲಭ. ಪೋರ್ಟ್ ಅಂತ ಬರೆದು 1900ಕ್ಕೆ ಮೆಸೇಜು ಹಾಕಿ, ಬಂದ ಕೋಡನ್ನು ಹೊಸ ಕಂಪನಿಗೆ ಕೊಟ್ಟರೆ ನಂಬರು ಹಾಗೇ ಉಳಿದು ಕಂಪನಿ ಮಾತ್ರ ಬದಲಾಗುತ್ತದೆ. ಮನೆಯ ಬ್ರಾಡ್‌ಬ್ಯಾಂಡಿಗೆ ಆ ಭಾಗ್ಯವಿಲ್ಲ. ಹಳೇ ಲ್ಯಾಂಡ್‌ಲೈನ್ ನಂಬರು ಹಳೇ ಕಂಪನಿಗೇ ಹೋಗುತ್ತದೆ. ಹಳೇ ಡಬ್ಬ ವಾಪಸು ಕೊಡಬೇಕು, ಅದರ ಅಡಾಪ್ಟರು ಹುಡುಕಬೇಕು, ಡಿಪಾಸಿಟ್ಟಿಗೆ ಅಲೆಯಬೇಕು, ಹೊಸ ವೈರಿಗೆ ಗೋಡೆ ತೂತು ಮಾಡಿಸಬೇಕು. ಒಂದು ಕಂಪನಿಯ ತೂತಿನಲ್ಲಿ ಇನ್ನೊಂದು ಕಂಪನಿ ವೈರು ತೂರಿಸುವುದಿಲ್ಲ, ಅದೊಂದು ಮಡಿ. ಹೀಗಾಗಿ ಮೇಷ್ಟ್ರ ಹಾಲಿನ ಕಿಟಕಿಯ ಪಕ್ಕ ಸಾಲಾಗಿ ತೂತುಗಳು. ಮನೆಯಾಕೆ ಒಂದಕ್ಕೆ ಎಂ-ಸೀಲ್ ಮೆತ್ತಿದ್ದಾರೆ, ಒಂದಕ್ಕೆ ಹಳೇ ಬನಿಯನ್ ತುರುಕಿದ್ದಾರೆ, ಮೂರನೆಯದರ ಮೇಲೆ ತಿಪ್ಪೇರುದ್ರಸ್ವಾಮಿ ಫೋಟೊ ನೇತುಹಾಕಿದ್ದಾರೆ. ನಾಯಕನಹಟ್ಟಿಯ ಸ್ವಾಮಿ ಇನ್ನೂ ಏನೇನು ಮುಚ್ಚಬೇಕೋ!

ಇಷ್ಟೆಲ್ಲ ಕಷ್ಟಪಟ್ಟು ಬದಲಾಯಿಸುವುದು ಸ್ಪೀಡಿಗಾಗಿ ಅಂತ ಮೇಷ್ಟ್ರೂ ನಂಬಿದ್ದಾರೆ. ಹತ್ತಿರದಿಂದ ನೋಡಿದರೆ ಬೇರೆ ಕಾಣುತ್ತದೆ. ಹೊಸ ಗಿರಾಕಿಗೆ ಇನ್‌ಸ್ಟಾಲೇಶನ್ ಉಚಿತ, ರೂಟರ್ ಉಚಿತ, ಮೊದಲ ತಿಂಗಳು ಉಚಿತ. ಹಳೇ ಗಿರಾಕಿಗೆ ಉಚಿತವಾಗಿ ಸಿಗುವುದು ರಿಚಾರ್ಜ್ ನೆನಪಿಸುವ ಮೆಸೇಜು ಮಾತ್ರ. ಕನೆಕ್ಷನ್ ತಗೊಳ್ಳುವ ಮುಂಚೆ ಸೇಲ್ಸ್ ಹುಡುಗಿ ದಿನಕ್ಕೆರಡು ಸಲ ಫೋನ್ ಮಾಡಿ, "ಸಾರ್, ಊಟ ಆಯ್ತಾ? ಯಾವಾಗ ಬರೋಣ ಸಾರ್?" ಅನ್ನುತ್ತಾಳೆ. ರಿಟೈರಾದ ಮೇಲೆ ಮೇಷ್ಟ್ರನ್ನು ಇಷ್ಟು ಸಲ ಸಾರ್ ಅಂದವರು ಬೇರೆ ಯಾರೂ ಇಲ್ಲ. ತಗೊಂಡ ಮೇಲೆ ಅದೇ ನಂಬರಿಗೆ ಇವರು ಮಾಡಿದರೆ ಕನ್ನಡಕ್ಕಾಗಿ ಒಂದು ಒತ್ತಬೇಕು, ದೂರಿಗಾಗಿ ಮೂರು ಒತ್ತಬೇಕು, ಆಮೇಲೆ ಸಂಗೀತ ಕೇಳಬೇಕು. ಜೀವಮಾನವಿಡೀ ಹೊಸ ಗಿರಾಕಿಯಾಗಿಯೇ ಇರಬೇಕು ಅನ್ನುವುದು ಮೇಷ್ಟ್ರ ಆಸೆ.

ಇದಕ್ಕೊಂದು ಅಡ್ಡಿಯಿದೆ. ಕಂಪನಿ ಎಷ್ಟೇ ಇರಲಿ, ಕಂಬ ಹತ್ತುವ ಹುಡುಗ ಒಬ್ಬನೇ. ಹಿಂದೆ ಕೇಬಲ್ ಟಿವಿ ವೈರು ಎಳೆದವನು ಈಗ ಫೈಬರ್ ಎಳೆಯುತ್ತಾನೆ. ಮೂರು ದಿನ ಕೆಂಪು ದೀಪ ಉರಿದರೂ ಬರಲಿಲ್ಲ ಅಂತ ಅವನ ಮೇಲೆ ಸಿಟ್ಟಾಗಿ ಮೇಷ್ಟ್ರು ಹಸಿರು ಟೀಶರ್ಟಿನ ಕಂಪನಿ ಬಿಟ್ಟು ಹಳದಿ ಟೀಶರ್ಟಿನ ಕಂಪನಿಗೆ ಹೋದರು. ಕನೆಕ್ಷನ್ ಕೊಡಲು ಬೈಕಿನಲ್ಲಿ ಬಂದಿಳಿದವನು ಅವನೇ. ಹಳದಿ ಟೀಶರ್ಟಿನ ಕೆಳಗೆ ಹಸಿರು ಕಾಲರ್ ಇಣುಕುತ್ತಿತ್ತು.

"ಏನೋ, ನೀನೇನಾ ಇಲ್ಲೂ?"

"ಹೂಂ ಸಾರ್. ಅಲ್ಲಿ ನಿಮ್ ಕಂಪ್ಲೇಂಟ್ ನಾನೇ ಕ್ಲೋಸ್ ಮಾಡ್ದೆ ಸಾರ್. ಇಲ್ಲಿ ನಾನೇ ಓಪನ್ ಮಾಡ್ತೀನಿ."

ಅದೇ ಹುಡುಗ ವಿಳಾಸ ಸಿಗಲಿಲ್ಲ ಅಂತ ಒಮ್ಮೆ ಎರಡು ದಿನ ತಡ ಮಾಡಿದಾಗ ಮೇಷ್ಟ್ರು ಕಸ್ಟಮರ್ ಕೇರ್‌ನವರಿಗೆ ಮಾಡಿದ ಭಾಷಣವನ್ನು ಬೀದಿ ಇನ್ನೂ ನೆನೆಯುತ್ತದೆ. "ಇದು ಚಳ್ಳಕೆರೆ ಕಣಮ್ಮ! ಇಲ್ಲೇ ಕುದಾಪುರದ ಹತ್ತಿರ, 2024ರ ಮಾರ್ಚ್ 22ಕ್ಕೆ, ಇಸ್ರೋದೋರು ಪುಷ್ಪಕ್ ಅನ್ನೋ ವಾಹನವನ್ನ ಹೆಲಿಕಾಪ್ಟರಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಒಳಗೆ ಒಬ್ಬ ಮನುಷ್ಯ ಇಲ್ಲ. ತಾನೇ ರನ್‌ವೇ ಹುಡುಕ್ಕೊಂಡು ನೆಟ್ಟಗೆ ಬಂದು ಇಳೀತು. ನಿಮ್ಮ ಹುಡುಗನ ಬೈಕಿನ ಮೇಲೆ ಮನುಷ್ಯ ಅವ್ನೆ, ಕೈಯಲ್ಲಿ ಮ್ಯಾಪ್ ಐತೆ, ನಮ್ಮನೆ ಮುಂದೆ ಬೇವಿನ ಮರ ಐತೆ. ಬರೋಕೆ ಏನಮ್ಮ ಕಷ್ಟ?" ಆ ಕಡೆಯಿಂದ ಉತ್ತರ ಬಂತು: "ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು ಸಾರ್. ಇನ್ನೇನಾದರೂ ಸಹಾಯ ಬೇಕಿತ್ತಾ?"

ದೂರು ಕೊಡುವುದರಲ್ಲಿ ಮೇಷ್ಟ್ರು ಕಾನೂನು ಓದಿಕೊಂಡವರು. ಕಂಪನಿಯ ದೂರು ಕೇಂದ್ರದಲ್ಲಿ ಆಗಲಿಲ್ಲವೆಂದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದಂತೆ ಅದು 39 ದಿನದೊಳಗೆ ತೀರ್ಮಾನ ಹೇಳಬೇಕು. "ನಲವತ್ತು ಯಾಕಲ್ಲ ಗೊತ್ತಾ? ನಲವತ್ತನೇ ದಿನ ನಾವು ಬೇರೆ ಕಂಪನಿಯಲ್ಲಿ ಇರ್ತೀವಿ, ಅದಕ್ಕೆ." ಒಮ್ಮೆ ಮೇಲ್ಮನವಿ ಇವರ ಪರವಾಗಿ ತೀರ್ಮಾನವಾಯಿತು. ಅಷ್ಟರಲ್ಲಿ ಮೇಷ್ಟ್ರು ನಿಜಕ್ಕೂ ಬೇರೆ ಕಂಪನಿಯಲ್ಲಿದ್ದರು. ಗೆದ್ದ ಆದೇಶಕ್ಕೆ ಲ್ಯಾಮಿನೇಶನ್ ಮಾಡಿಸಿದ್ದಾರೆ.

ಇವರ ಅಷ್ಟೂ ಸಿದ್ಧಾಂತಕ್ಕೆ ಸೊಪ್ಪು ಹಾಕದ ಒಬ್ಬನೇ ಒಬ್ಬ ಇದ್ದಾನೆ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಬಾಮೈದ. ಅವನಿಗೂ ಒತ್ತಾಯ ಮಾಡಿ ಫೈಬರ್ ಹಾಕಿಸಿದವರು ಮೇಷ್ಟ್ರೇ. ಕನೆಕ್ಷನ್ ಕೊಟ್ಟ ದಿನ ಮಗ್ಗದ ಮನೆಯ ಜಗಲಿಯ ಮೇಲೆ ಅಲ್ಲಿನ ಹುಡುಗ ಚೀಲ ಬಿಚ್ಚಿ ಕೂತ. ವೈರಿನ ಕರಿ ಸಿಪ್ಪೆ ಸುಲಿದ, ಒಳಗಿನ ಗಾಜಿನ ಎಳೆಯನ್ನು ಸ್ಪಿರಿಟ್ ಹಚ್ಚಿ ಒರೆಸಿದ, ತುದಿಯನ್ನು ಟಕ್ ಅಂತ ನೇರಕ್ಕೆ ಕತ್ತರಿಸಿ ಟಿಫನ್ ಡಬ್ಬದಷ್ಟು ಮಿಷನ್ನಿನೊಳಗೆ ಇಟ್ಟು ಮುಚ್ಚಳ ಹಾಕಿದ. ಪುಟ್ಟ ಪರದೆಯ ಮೇಲೆ ಎರಡು ತುದಿಗಳು ಎದುರುಬದುರಾಗಿ ದೊಡ್ಡದಾಗಿ ಕಂಡವು, ನಡುವೆ ಬೆಳ್ಳನೆಯ ಕಿಡಿ ಹಾರಿತು, ಎರಡೂ ಒಂದಾದವು. ಬಾಮೈದ ಕೆಲಸ ನಿಲ್ಲಿಸಿ ಬಗ್ಗಿ ನೋಡಿದ.

"ನಮ್ಮ ಹಾಸಿನ ಎಳೆ ಕಡಿದ್ರೂ ಹಿಂಗೇ ಕೂಡಿಸೋದಪ್ಪ, ಬೆರಳಲ್ಲೇ ಹೊಸೆದು. ಅದು ಮತ್ತೆ ಕಡಿದ್ರೆ ನಾನೇ ಕೂರ್ತೀನಿ. ಇದು ಕಡಿದ್ರೆ ಯಾರನ್ನ ಕೇಳ್ಬೇಕು?"

"ಕಂಪನಿಗೆ ಮಾಡ್ಬೇಡಣ್ಣ, ನಂಗೇ ಫೋನ್ ಮಾಡು" ಅಂತ ಹುಡುಗ ತನ್ನ ನಂಬರು ಕೊಟ್ಟ.

ಅಷ್ಟೇ. ಅಂದಿನಿಂದ ಬಾಮೈದನದು ಅದೇ ಕಂಪನಿ, ಅದೇ ಪ್ಲಾನು. ಎಲ್ಲೋ ಜೆಸಿಬಿ ಗುಂಡಿ ತೋಡಿ ಕೇಬಲ್ ಹರಿದರೆ ಹುಡುಗನಿಗೆ ಫೋನು. ಅವನು ಬಂದರೆ ಟೀ, ಮಿರ್ಚಿ. ದೀಪಾವಳಿಗೆ ಅವನ ಹೆಂಡತಿಗೊಂದು ಕುಪ್ಪಸದ ಕಣ. ಟೋಲ್‌ಫ್ರೀ ನಂಬರು ಬಾಮೈದನಿಗೆ ಗೊತ್ತೇ ಇಲ್ಲ. "ಸ್ಪೀಡು ಎಷ್ಟು ಬರ್ತದೋ?" ಅಂತ ಮೇಷ್ಟ್ರು ಕೇಳಿದರೆ, "ಸೀರೆ ಫೋಟೊ ಹೋಗ್ತದೆ, ದುಡ್ಡು ಬರ್ತದೆ. ಇನ್ನೆಷ್ಟು ಬೇಕು ಭಾವ?" ಅನ್ನುತ್ತಾನೆ. ಆ ರಾತ್ರಿ ಮೇಷ್ಟ್ರಿಗೆ ನಿದ್ದೆ ಬರುವುದಿಲ್ಲ. ದೂರಿಲ್ಲದ ಗಿರಾಕಿಯನ್ನು ಅವರ ಶಾಸ್ತ್ರದಲ್ಲಿ ಯಾವ ಅಧ್ಯಾಯಕ್ಕೆ ಸೇರಿಸುವುದು?

ಈಚೆಗೆ ಮೇಷ್ಟ್ರು ಹಳದಿ ಟೀಶರ್ಟನ್ನು ಎಷ್ಟು ಹೊಗಳಿದರೆಂದರೆ ಇಡೀ ಬೀದಿ ಹಸಿರು ಬಿಟ್ಟು ಹಳದಿಗೆ ಹೋಯಿತು. ಹದಿನೈದು ದಿನದಲ್ಲಿ ಹಳದಿಯ ಸ್ಪೀಡು ರಾತ್ರಿ ಎಂಟರ ಹೊತ್ತಿಗೆ ನೆಲ ಕಚ್ಚಿತು. ಕಾರಣ ಸರಳ. ಸ್ಥಳೀಯ ಆಪರೇಟರು ಮೇಲಿನಿಂದ ಕೊಂಡು ತರುವುದೇ ಒಂದಿಷ್ಟು, ಬೀದಿಗೆ ಬೀದಿಯೇ ಒಂದೇ ಹೊತ್ತಿಗೆ ಧಾರಾವಾಹಿ ಹಾಕಿ ಕೂತರೆ ಪಾಲು ಎಲ್ಲಿಂದ ಬರಬೇಕು? ಜನ ಮೇಷ್ಟ್ರ ಮನೆ ಮುಂದೆ ಸೇರಿದರು. ಮೇಷ್ಟ್ರು ಮನೆಯಲ್ಲಿರಲಿಲ್ಲ, ಹಿಂದಿನ ಬಾಗಿಲಲ್ಲಿ ನಿಂತು ಹುಡುಗನ ಕೈಲಿ ಹಸಿರು ಕಂಪನಿಯ ವೈರು ಎಳೆಸುತ್ತಿದ್ದರು. ಅಲ್ಲಿ ಈಗ ಗಿರಾಕಿಗಳೇ ಇಲ್ಲವಲ್ಲ, ಸ್ಪೀಡು ಅಂದರೆ ಸ್ಪೀಡು. ಟೆಸ್ಟ್ ಮಾಡಿದರೆ ರಾತ್ರಿ ಎಂಟಕ್ಕೂ 290! ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರೆದರು.

"ರೀ, ಈ ಸಲವಾದ್ರೂ ಬಾಯಿ ಮುಚ್ಕೊಂಡಿರಿ" ಅಂದರು ಮನೆಯಾಕೆ, ತೂತು ಮುಚ್ಚಲು ಇನ್ನೊಂದು ದೇವರ ಫೋಟೊ ಹುಡುಕುತ್ತ.

ಮೇಷ್ಟ್ರು ಆಣೆ ಮಾಡಿದರು. ಮಾರನೆಯ ಸಂಜೆ ಮಂಡಕ್ಕಿ ಅಂಗಡಿಗೆ ಹೋಗಿ, ಯಾರಿಗೂ ಹೇಳಬೇಡಿ ಅನ್ನುವ ಷರತ್ತಿನ ಮೇಲೆ ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕರೆದು ಎಲ್ಲರಿಗೂ ಹೇಳಿದರು.