ಒಂದು ವೋಲ್ಟಿನೊಳಗಿನ ಪಂಚಾಯ್ತಿ

ಹೊಸ ಮೀಟರಾ ರಾಯರೇ? ಕಾಂಪೌಂಡ್ ಮೇಲಿಡಿ, ನೋಡೋಣ. ಯುಪಿಎಸ್ ಬ್ಯಾಟರಿಗೆ ಅಂತ ತಂದ್ರಿ ಅನ್ನಿ. ಅಂಗಡಿಯವನು 'ಡಿಜಿಟಲ್ ಸಾರ್, ಪಕ್ಕಾ ತೋರ್ಸುತ್ತೆ' ಅಂದಿರಬೇಕು. ಮುಳ್ಳಿನ ಮೀಟರ್ ಕಾಲದಲ್ಲಿ ಕಣ್ಣು ಕಿರಿದು ಮಾಡಿ 'ಹನ್ನೆರಡೂವರೆ ಇರಬಹುದು' ಅಂತಿದ್ವಿ. ಈಗ ಪರದೆ ಮೇಲೆ 12.58 ಅಂತ ಮೂಡಿದ್ರೆ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಳ್ತೀವಿ.

ಬ್ಯಾಟರಿ ಕೆಲಸದ ತಂಟೆ ಏನು ಗೊತ್ತಾ, ಇಡೀ ವ್ಯವಹಾರ ಒಂದು ವೋಲ್ಟಿನೊಳಗೇ ಮುಗಿಯುತ್ತೆ. ನಿಮ್ಮ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ತುಂಬಿ, ಕೆಲವು ಗಂಟೆ ಸುಮ್ಮನಿದ್ದ ಮೇಲೆ ಸುಮಾರು 12.7. ಖಾಲಿಯಾದಾಗ 11.8ರ ಆಸುಪಾಸು. ಜೊತೆಗೆ ಬಂದ ಚೀಟಿ ಬಿಸಾಕಿಲ್ಲ ತಾನೆ? ಡಿಸಿ ವೋಲ್ಟಿನ ಸಾಲು ಓದಿ. 0.5 ಪರ್ಸೆಂಟ್, ಮೇಲೆ ಕೊನೇ ಅಂಕಿಯಲ್ಲಿ 2 ಡಿಜಿಟ್, ಹೌದಾ? ಅಂದ್ರೆ 12.6 ತೋರಿಸೋವಾಗ ಅದು 0.08 ವೋಲ್ಟ್ ಆ ಕಡೆಗೋ ಈ ಕಡೆಗೋ ಇರಬಹುದು. ಕೇಳೋಕೆ ಏನೂ ಅಲ್ಲ. ಆದ್ರೆ ನಿಮ್ಮ ಆಟವೇ 0.9 ವೋಲ್ಟಿನದು, ಹತ್ತರಲ್ಲಿ ಒಂದು ಪಾಲು ಹೋಯ್ತು. ಪರವಾಗಿಲ್ಲ ಬಿಡಿ, ಯುಪಿಎಸ್‌ಗೆ ಇಷ್ಟು ಸಾಕು.

ನಿಮ್ಮ ಮಗ ಲಿಥಿಯಂ ಸೆಲ್ ಜೋಡಿಸಿ ಪ್ಯಾಕ್ ಮಾಡ್ತಾನಲ್ಲ, ಅವನಿಗೆ ಸಾಲದು. ಲಿಥಿಯಂ ಫಾಸ್ಫೇಟ್ ಸೆಲ್ಲು ಚಾರ್ಜಿನ ಬಹುಭಾಗ 3.2, 3.3ರ ನಡುವೆಯೇ ಕೂತಿರುತ್ತೆ. 2000 ಕೌಂಟಿನ, ಅಂದ್ರೆ ಪರದೆ ಮೇಲೆ 2000 ಹೆಜ್ಜೆ ಎಣಿಸೋ ಮೀಟರು ಅಲ್ಲಿ 3.28, 3.29 ಅಂತ ಹತ್ತು ಮಿಲಿವೋಲ್ಟಿನ ಹೆಜ್ಜೆ ಹಾಕುತ್ತೆ. 6000 ಕೌಂಟಿನದಾದ್ರೆ 3.287 ಅಂತ ಬಿಡಿಸಿ ಹೇಳುತ್ತೆ. ಸೆಲ್ಲಿಗೂ ಸೆಲ್ಲಿಗೂ ವ್ಯತ್ಯಾಸ ನೋಡೋಕೆ ಅಷ್ಟೇ ಮುಖ್ಯ. ಮೀಟರ್ ತಪ್ಪಿದ್ರೂ ಎಲ್ಲ ಸೆಲ್ಲಿಗೂ ಹೆಚ್ಚುಕಮ್ಮಿ ಅದೇ ತಪ್ಪು! ಆದ್ರೆ ಚಾರ್ಜರನ್ನ 3.65ಕ್ಕೆ ನಿಲ್ಲಿಸೋ ಹಾಗೆ ಕೂರಿಸೋವಾಗ ನಿಜವಾದ ವೋಲ್ಟೇ ಬೇಕು. ಅಲ್ಲಿ ಕೌಂಟ್ ನೋಡಿ ಮರುಳಾಗಬಾರದು, ಪರ್ಸೆಂಟ್ ನೋಡಿ ದುಡ್ಡು ಕೊಡಬೇಕು.

ಹೊಸ ಪೆನ್‌ಸೆಲ್ಲು 1.5 ತೋರಿಸಿದ್ರೆ ಮೀಟರ್ ಸರಿ ಅಂತೀರಾ? ಹೊಸ ಸೆಲ್ಲು 1.6ರ ತನಕ ಇರುತ್ತೆ ಸ್ವಾಮಿ, ಅದನ್ನ ನಂಬಿ ತೀರ್ಪು ಕೊಡೋಕಾಗಲ್ಲ. ಕ್ಯಾಲಿಬ್ರೇಷನ್ ಆದ ಮೀಟರ್ ಯಾರ ಹತ್ರ ಇದೆ ನೋಡಿ, ಒಂದೇ ಬ್ಯಾಟರಿಗೆ ಎರಡನ್ನೂ ಹಿಡೀರಿ. ನಿಮ್ಮದು 0.05 ಜಾಸ್ತಿ ತೋರಿಸಿದ್ರೆ ಹಿಂದುಗಡೆ ಚೀಟಿ ಅಂಟಿಸಿ, ಕಳೆದು ಓದ್ತಾ ಹೋಗಿ. ಅದರೊಳಗಿನ 9 ವೋಲ್ಟಿನ ಬ್ಯಾಟರಿ ಸೊರಗಿದ್ರೂ ಕೆಲವು ಮೀಟರು ಇದ್ದದ್ದಕ್ಕಿಂತ ಜಾಸ್ತಿ ಹೇಳ್ತವೆ. ಬ್ಯಾಟರಿ ಅಳೆಯೋ ಯಂತ್ರಕ್ಕೂ ಬ್ಯಾಟರಿಯದೇ ಕಾಟ!

ಅಯ್ಯೋ, ಕೆಂಪು ವೈರು 10 ಆಂಪಿಯರ್ ತೂತಲ್ಲೇ ಇದೆಯಲ್ರೀ! ಮೊದಲು ತೆಗೀರಿ. ಹಾಗೇ ಬ್ಯಾಟರಿಗೆ ತಾಗಿಸಿದ್ರೆ ನೇರ ಶಾರ್ಟು. ಅಗ್ಗದ್ರಲ್ಲಿ ಎಷ್ಟೋ ಮೀಟರಿಗೆ ಆ ತೂತಿಗೆ ಫ್ಯೂಸೂ ಇರಲ್ಲ.

ನನ್ನ ಕೇಳಿದ್ರೆ ಒಂದು ಹೈಡ್ರೋಮೀಟರೂ ತಂದುಬಿಡಿ. ಮೀಟರಿಗೆ ಹೊರಗಿನ ಎರಡು ಟರ್ಮಿನಲ್ ಮಾತ್ರ ಸಿಗುತ್ತೆ. ಡಿಸ್ಟಿಲ್ಡ್ ವಾಟರ್ ಹಾಕೋ ಮುಚ್ಚಳ ತೆಗೆದು ಆರೂ ಸೆಲ್ಲಿನ ಆಸಿಡ್ ಎಳೆದು ನೋಡಿದ್ರೆ, ಕೈಕೊಟ್ಟಿರೋದು ಯಾವುದು ಅಂತ ಅಲ್ಲೇ ಗೊತ್ತಾಗುತ್ತೆ. ಕನ್ನಡಕ ಹಾಕ್ಕೊಳ್ಳಿ, ಈ ಒಳ್ಳೇ ಪಂಚೆ ಮಾತ್ರ ಬೇಡ.