ಎಮ್ಮೆಯ ಹೆಸರಿನ ಲಗ್ನ

ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹುಮನಾಬಾದ್ ತಾಲೂಕಿನ ಒಂದು ಹಳ್ಳಿಗೆ ಎಮ್ಮೆ ನೋಡಲು ಹೋಗಿದ್ದೆ. ನನ್ನದು ಹೆಣ್ಣು ನೋಡುವ ವಯಸ್ಸು. ಬ್ಯಾಂಕು ಎಮ್ಮೆ ನೋಡಿಕೊಂಡು ಬಾ ಎಂದು ಕಳಿಸಿತ್ತು. ಐ.ಆರ್.ಡಿ.ಪಿ. ಸಾಲದ ಕಾಲ. ಸರಕಾರದ ಸಬ್ಸಿಡಿ, ಬ್ಯಾಂಕಿನ ಸಾಲ, ಎರಡೂ ಕೂಡಿ ಒಂದು ಎಮ್ಮೆ ಆಗಬೇಕು, ಅದು ಹಾಲು ಕೊಡಬೇಕು, ಹಾಲಿನಿಂದ ಬಡತನ ಹೋಗಬೇಕು. ಕಾಗದದಲ್ಲಿ ಎಲ್ಲಾ ಸರಿಯಾಗಿತ್ತು.

ಮೊದಲ ಮನೆಯಲ್ಲಿ ಎಮ್ಮೆ ಇತ್ತು. ಹಣೆಯ ಮೇಲೆ ಬಿಳಿ ಚುಕ್ಕೆ, ಎಡಗೊಂಬು ಅರ್ಧ ಮುರಿದದ್ದು. ವಿಮೆಯವರು ಕಿವಿಗೆ ಹಾಕಿದ ಬಿಲ್ಲೆ ಎಲ್ಲಿ ಎಂದರೆ, ‘ಮೇಯ್ಲಾಕ ಹೋದಾಗ ಬಿದ್ದದರಿ ಸಾಹೇಬ್ರ’ ಎಂದರು. ಚಹಾ ಕುಡಿದು ಎರಡನೇ ಓಣಿಗೆ ಹೋದೆ. ಅಲ್ಲಿಯೂ ಬಿಳಿ ಚುಕ್ಕೆ, ಅರ್ಧ ಕೊಂಬು. ಮೂರನೇ ಮನೆಯಲ್ಲಿ ಎಮ್ಮೆ ನನ್ನ ಗುರುತು ಹಿಡಿಯಿತು. ಆ ಮನೆಯ ಮುಂದೆ ಹಂದರ ಇತ್ತು, ಮಾವಿನ ತೋರಣ ಇನ್ನೂ ಒಣಗುತ್ತಿತ್ತು. ‘ಹಂದರ ಯಾಕ ಹಾಕೀರಿ?’ ಎಂದು ಕೇಳಿದೆ. ಮನೆಯ ಯಜಮಾನ ಒಂದು ಕ್ಷಣವೂ ತಡವರಿಸದೆ, ‘ಎಮ್ಮಿಗಿ ನೆರಳ ಬೇಕಲ್ರಿ’ ಎಂದ. ಒಳಗಿನಿಂದ ಹಸಿರು ಬಳೆ ತುಂಬಿದ ಕೈಯೊಂದು ಬಂದು ನನ್ನ ಮುಂದೆ ಬುಂದೆಯ ತಟ್ಟೆ ಇಟ್ಟು ಹೋಯಿತು.

ಐದೂ ಮನೆ ಮುಗಿಸಿ ವರದಿಯಲ್ಲಿ ‘ಎಮ್ಮೆ ಆರೋಗ್ಯವಾಗಿದೆ’ ಎಂದು ಬರೆದೆ. ಅದರಲ್ಲಿ ಸುಳ್ಳಿರಲಿಲ್ಲ. ದಿನಕ್ಕೆ ಐದು ಮನೆ ಓಡಾಡುವ ಎಮ್ಮೆ ಆರೋಗ್ಯವಾಗಿರದೆ ಏನಾದೀತು?

ಆಮೇಲೆ 31 ವರ್ಷ ಸಾಲದ ಅರ್ಜಿಗಳನ್ನು ಓದಿದೆ. ‘ಉದ್ದೇಶ’ ಎನ್ನುವ ಕಾಲಮ್ಮಿನಲ್ಲಿ ಎತ್ತು, ಬಾವಿ, ಪೈಪ್‌ಲೈನು, ಕುರಿ ಎಂದು ಬರೆದಿರುತ್ತಿತ್ತು. ನಾನು ಹಿರಿ ಮಗಳು, ನಡುವಿನ ಮಗಳು, ಅವಳಿ ಜವಳಿ ಎಂದು ಓದಿಕೊಳ್ಳುತ್ತಿದ್ದೆ. ತೊಗರಿ ಒಳ್ಳೆಯ ರೇಟಿಗೆ ಹೋದ ವರ್ಷ ಗಂಜಿನ ಅಡತಿ ಅಂಗಡಿಯ ಸಾಲವೇ ಸಾಕಾಗುತ್ತಿತ್ತು. ತೊಗರಿ ಕೈಕೊಟ್ಟ ವರ್ಷ ನಮ್ಮ ಶಾಖೆಯಲ್ಲಿ ಎಮ್ಮೆಗಳ ಸಂಖ್ಯೆ ಏರುತ್ತಿತ್ತು.

ಈಗ ಇದೆಲ್ಲ ನೆನಪಾಗಲು ಕಾರಣ ನನ್ನ ತಂಗಿಯ ಮೊಮ್ಮಗಳು. ಅವಳು ಹೈದರಾಬಾದಿನ ಕಂಪನಿಯಲ್ಲಿದ್ದಾಳೆ. ಹುಡುಗ ಬಸವಕಲ್ಯಾಣದವನು, ಪುಣೆಯಲ್ಲಿ ನೌಕರಿ. 65ನೇ ರಾಷ್ಟ್ರೀಯ ಹೆದ್ದಾರಿಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ನಡುವೆ ಊರಿನವರು ಫಂಕ್ಷನ್ ಹಾಲ್ ಹುಡುಕುತ್ತಿದ್ದಾರೆ. ಒಂದು ರಾತ್ರಿ ಫೋನ್ ಮಾಡಿದಳು.

‘ಮುತ್ಯಾ, ನೀವು ಬ್ಯಾಂಕಿನಾಗ ಇದ್ದವರು. ಲಗ್ನಕ್ಕ ಸಾಲ ಮಾಡಬೇಕೋ ಬ್ಯಾಡೋ, ಒಂದೇ ಮಾತಿನಾಗ ಹೇಳ್ರಿ.’

ಒಂದೇ ಮಾತಿನಲ್ಲಿ ಹೇಳುವ ಶಕ್ತಿ ಇದ್ದಿದ್ದರೆ ನನ್ನನ್ನು ಬ್ಯಾಂಕು ಮ್ಯಾನೇಜರ್ ಮಾಡುತ್ತಿತ್ತು. ‘ಎಷ್ಟು ಕಡಿಮಿ ಬೀಳ್ತದ?’ ಎಂದೆ. ಇಬ್ಬರೂ ಕೂಡಿಟ್ಟದ್ದು ಹೋಗಿ 5 ಲಕ್ಷ. ಫೋನಿನ ಆ್ಯಪಿನಲ್ಲಿ ಹತ್ತು ನಿಮಿಷಕ್ಕೆ ಸಿಗುತ್ತದಂತೆ. ಅವಳ ಅಪ್ಪ ಮಾತ್ರ ರಸ್ತೆ ಬದಿಯ ಎರಡು ಎಕರೆಯ ಮಾತು ಎತ್ತಿದ್ದಾನೆ. ‘ಅಪ್ಪನ ಹೊಲ ಮಾರಿಸಿ ನಾ ಲಗ್ನ ಆಗಂಗಿಲ್ಲ. ಸಾಲ ನಾವೇ ಮಾಡ್ತೀವಿ, ನಾವೇ ತೀರಸ್ತೀವಿ.’

ಇಲ್ಲಿ ನಾನು ಸ್ವಲ್ಪ ಸುಮ್ಮನಾದೆ. ನಮ್ಮ ಕಾಲದಲ್ಲಿ ಸಾಲ ಮಾಡುತ್ತಿದ್ದವನು ಅಪ್ಪ. ಮದುಮಗನಿಗೆ ಅದರ ಸುದ್ದಿ ತಿಳಿಯುತ್ತಿದ್ದದ್ದು ಅಪ್ಪನ ದಿನಕರ್ಮ ಮುಗಿದು ಅಡತಿಯವರು ಪುಸ್ತಕ ಹಿಡಿದು ಬಂದಾಗ. ಈಗಿನ ಹುಡುಗರು ತಮ್ಮ ಅಕ್ಕಿಕಾಳನ್ನು ತಾವೇ ಕಂತಿನಲ್ಲಿ ಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಅದರಲ್ಲಿ ಒಂದು ಮರ್ಯಾದೆ ಇದೆ. ಆದರೂ ಬ್ಯಾಂಕಿನ ಹುಳು ತಲೆಯಲ್ಲಿ ಕೊರೆಯುವುದು ಬಿಡಲಿಲ್ಲ.

ಮರುದಿನ ಬಸವಕಲ್ಯಾಣದ ಬಸ್ಸು ಹತ್ತಿದೆ, ಬೀಗರ ಮನೆಯವರನ್ನು ಮಾತಾಡಿಸಿಕೊಂಡು ಬರೋಣ ಎಂದು. ಊರಿನ ಹೆಸರೇ ಕಲ್ಯಾಣ. ಲಗ್ನ ಎಂದರೂ ಕಲ್ಯಾಣ, ಹಿತ ಎಂದರೂ ಕಲ್ಯಾಣ. ಎರಡಕ್ಕೂ ಒಂದೇ ಮಾತು ಇಟ್ಟವರು ಕೇಟರಿಂಗ್ ಬಿಲ್ ನೋಡಿರಲಿಕ್ಕಿಲ್ಲ. ಆರನೇ ವಿಕ್ರಮಾದಿತ್ಯ ಇಲ್ಲಿಂದ ಆಳಿದ 1076ರಿಂದ 1126ರವರೆಗಿನ ಐವತ್ತು ವರ್ಷದಲ್ಲಿ ಅವನ ಆಸ್ಥಾನದಲ್ಲಿ ಇಬ್ಬರು ಪಂಡಿತರಿದ್ದರು. ಕಾಶ್ಮೀರದಿಂದ ಬಂದ ಬಿಲ್ಹಣ, ಕರಹಾಟದ ರಾಜಕುಮಾರಿ ಚಂದಲದೇವಿಯ ಸ್ವಯಂವರದಲ್ಲಿ ರಾಜನ ಕೊರಳಿಗೆ ಮಾಲೆ ಬಿದ್ದದ್ದನ್ನು ಕಾವ್ಯದಲ್ಲಿ ಹಾಡಿ ಹೊಗಳಿದ. ಅಷ್ಟೊಂದು ರಾಜರ ವಸತಿ, ಕುದುರೆಗೆ ಹುಲ್ಲು, ಇದರ ಖರ್ಚು ಹೆಣ್ಣಿನ ತಂದೆಗೆ ಎಷ್ಟು ಬಂತೆಂದು ಅವನು ಹೇಳುವುದಿಲ್ಲ. ಕವಿಗಳ ಕೈಯಲ್ಲಿ ಲಗ್ನದ ಲೆಕ್ಕ ಕೊಡಬಾರದು.

ಲೆಕ್ಕ ಹೇಳಿದವನು ಇನ್ನೊಬ್ಬ, ವಿಜ್ಞಾನೇಶ್ವರ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಮಿತಾಕ್ಷರ ವ್ಯಾಖ್ಯಾನದಲ್ಲಿ ಸಾಲಕ್ಕೇ ಒಂದು ಪ್ರಕರಣವಿದೆ. ಅದನ್ನು ಓದುವಾಗ ನನಗೆ ಹೆಡ್ ಆಫೀಸಿನ ಸುತ್ತೋಲೆ ಓದಿದ ಹಾಗೇ ಆಗುತ್ತದೆ. ಒತ್ತೆ ಇಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೇ ಒಂದು ಪಾಲು ಬಡ್ಡಿ. ಅಂದರೆ ನೂರಕ್ಕೆ ಒಂದೂಕಾಲು. ಕಾಡು ದಾಟಿ ವ್ಯಾಪಾರಕ್ಕೆ ಹೋಗುವವನಿಗೆ ಹತ್ತು, ಸಮುದ್ರ ದಾಟುವವನಿಗೆ ಇಪ್ಪತ್ತು. ಅಪಾಯ ಹೆಚ್ಚಾದಷ್ಟೂ ಬಡ್ಡಿ ಹೆಚ್ಚು. ಲಗ್ನವಾಗುವವನಿಗೆ ಬೇರೆ ದರ ಇಟ್ಟಿಲ್ಲ; ಇಡಬಹುದಿತ್ತು. ಹೊನ್ನಿನ ಸಾಲ ಬೆಳೆದರೆ ಎರಡು ಪಟ್ಟಿಗೆ ನಿಲ್ಲಬೇಕು, ಧಾನ್ಯ ಮೂರು ಪಟ್ಟಿಗೆ, ಬಟ್ಟೆ ನಾಲ್ಕು ಪಟ್ಟಿಗೆ. ಲಗ್ನದ ಬಟ್ಟೆಯ ಬಸ್ತಾ ಉದ್ರಿ ತರಬೇಡಿ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಅವಳು ಮಿತಾಕ್ಷರ ಓದಿರಲಿಲ್ಲ.

ಗಂಡ ಮಾಡಿದ ಸಾಲ ಸಾಮಾನ್ಯವಾಗಿ ಹೆಂಡತಿಯ ಮೇಲಿಲ್ಲ. ಆದರೆ ಗಂಡನ ಜೊತೆ ಕೂಡಿ ತಾನೂ ಮಾಡಿದ್ದರೆ ತೀರಿಸಬೇಕು ಎಂದೂ ಅಲ್ಲಿದೆ. ಈಗಿನವರು ಜಂಟಿ ಅರ್ಜಿದಾರರು ಎನ್ನುವುದನ್ನು ಒಂಬತ್ತು ನೂರು ವರ್ಷದ ಹಿಂದೆ ಇದೇ ಊರಿನಲ್ಲಿ ಬರೆದಿಟ್ಟಿದ್ದಾರೆ.

ಊರಿನಲ್ಲಿ ಇಂದು ನಡೆಯುವ ದರ ಬೇರೆ. ಕೈಸಾಲ ನೂರಕ್ಕೆ ಮೂರು, ತಿಂಗಳಿಗೆ. 5 ಲಕ್ಷಕ್ಕೆ ತಿಂಗಳಿಗೆ 15,000. ಮೂರು ವರ್ಷ ತುಂಬುವ ಮೊದಲೇ ಬಡ್ಡಿ ಅಸಲಿನ ಹೆಗಲಿಗೆ ಬಂದು ನಿಲ್ಲುತ್ತದೆ. ವಿಜ್ಞಾನೇಶ್ವರನ ದರದಲ್ಲಿ ಅದಕ್ಕೆ ಆರು ವರ್ಷ ಎಂಟು ತಿಂಗಳು ಬೇಕು. ಅಷ್ಟರಲ್ಲಿ ಮಗು ಒಂದನೇ ಇಯತ್ತೆಗೆ ಹೋಗುತ್ತಿರುತ್ತದೆ, ಶಾಲೆಯ ಫೀಗೆ ಬೇರೆ ಸಾಲ.

ಬೀಗರಾಗುವವರು ಆಟೋ ನಗರದಲ್ಲಿ ಲಾರಿ ಬಾಡಿ ಕಟ್ಟಿಸುವವರು. ಬಸವಕಲ್ಯಾಣದ ಲಾರಿ ಧಂದೆ ಗೊತ್ತಿದ್ದವರಿಗೆ ಗೊತ್ತು, ಅಲ್ಲಿ ಸಾಲ ಎನ್ನುವುದು ಡೀಸೆಲ್ ಇದ್ದ ಹಾಗೆ. ವೆಲ್ಡಿಂಗಿನ ಸಪ್ಪಳದ ನಡುವೆ ಅವರು ನನಗೆ ಹೇಳಿದರು: ‘ನೋಡ್ರಿ ಕಾಕಾ, ಗಾಡಿಗಿ ಸಾಲ ಮಾಡಿದ್ರ ಗಾಡಿ ದುಡಿತದ. ಲಗ್ನಕ್ಕ ಸಾಲ ಮಾಡಿದ್ರ ನಾವೇ ದುಡೀಬೇಕು.’ ಇಷ್ಟು ಚಂದ ಹೇಳಿದ ಮನುಷ್ಯ ಮರುಗಳಿಗೆಗೆ, ‘ಆದ್ರ ನಮ್ಮ ಕಡೀಲಿಂದ ಸಾವಿರ ಮಂದಿ ಆಗ್ತಾರ, ಡಿಜೆ ಬೇಕೇ ಬೇಕು’ ಎಂದರು. ಲಾರಿಯ ವಿಷಯದಲ್ಲಿ ಜಾಣರಾದವರೂ ಬೀಗರಾದ ಕೂಡಲೇ ಬ್ರೇಕು ಬಿಡುತ್ತಾರೆ.

ಅಲ್ಲಿಂದ ಹೊರಟು ಹಳೆಯ ಊರಿನಲ್ಲಿ ತಿರುಗಿದೆ. ಬಂದವರ ಓಣಿ ಎಂದು ಒಂದಿದೆ. ಶರಣರ ಕಾಲದಲ್ಲಿ ಹೊರಗಿನಿಂದ ಬಂದವರನ್ನು ಬರಮಾಡಿಕೊಂಡ ಜಾಗ ಎನ್ನುತ್ತಾರೆ. ಬಂದವರಿಗೇ ಒಂದು ಓಣಿ ಇಟ್ಟುಕೊಂಡ ಊರಿನಲ್ಲಿ ಸಣ್ಣ ಲಗ್ನ ಮಾಡಿ ಎಂದು ಹೇಳುವುದು ಹೇಗೆ? ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದದ್ದೂ ಇಲ್ಲಿಯೇ. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಬೈದು, ಇದ್ದಲ್ಲೇ ಸುರಿದು ಬಾ ಎಂದು ಕಳಿಸಿದಳು. ಅದೇ ಲಕ್ಕಮ್ಮ ದಿನದ ಅಕ್ಕಿಯಲ್ಲೇ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದಳೆಂದು ಕಥೆ. ಪವಾಡದ ಭಾಗ ಬಿಡಿ. ಹೆಚ್ಚಿಗೆ ಬೇಡ ಎಂದವಳೂ ಅವಳೇ, ಎಲ್ಲರನ್ನೂ ಕರೆದವಳೂ ಅವಳೇ. ಎರಡನ್ನೂ ಒಟ್ಟಿಗೆ ಮಾಡುವ ಉಪಾಯ ನಮಗೆ ಉಳಿಯಲಿಲ್ಲ.

ಹರಳಯ್ಯನ ಗವಿಯ ಕಡೆ ಹೋದಾಗ ನಗು ಬರಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಲಗ್ನ ಇದೇ ಊರಿನದು. ಅದಕ್ಕೆ ಯಾರೂ ಸಾಲ ಮಾಡಿದ ಸುದ್ದಿಯಿಲ್ಲ. ಆದರೆ ಜಾತಿ ಮೀರಿದ ಆ ಲಗ್ನಕ್ಕಾಗಿ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು, ಶರಣರು ಊರು ಬಿಟ್ಟು ಚದುರಿದರು. ನೂರಕ್ಕೆ ಮೂರರ ಬಡ್ಡಿಯ ಬಗ್ಗೆ ಗೊಣಗಿಕೊಂಡು ಬಂದ ನಾನು ಅಲ್ಲಿ ಸ್ವಲ್ಪ ಹೊತ್ತು ಕೂತು ಎದ್ದೆ.

ಮನೆಗೆ ಬಂದು ಟ್ರಂಕಿನಿಂದ ನನ್ನ ಲಗ್ನದ ಆಯೇರಿ ಪುಸ್ತಕ ತೆಗೆದೆ. 1984ರದು. ಹಂದರದ ಮೂಲೆಯಲ್ಲಿ ನಮ್ಮ ಮಾವ ಇದನ್ನು ಹಿಡಿದು ಕೂತಿದ್ದರು. ಮೈಕಿನಲ್ಲಿ ಇಂಥವರಿಂದ ಹನ್ನೊಂದು ರೂಪಾಯಿ, ಇಂಥವರಿಂದ ಒಂದು ತಾಂಬ್ರದ ಕೊಡ ಎಂದು ಕೂಗುತ್ತಿದ್ದರು. ಊಟದ ಪಂಕ್ತಿಯಲ್ಲಿ ಕೂತವರು ಹೋಳಿಗೆ ಬಿಟ್ಟು ಕೂಗು ಕೇಳುತ್ತಿದ್ದರು. ಅಂದು 11 ರೂಪಾಯಿ ಹಾಕಿದ ಒಬ್ಬರ ಮೊಮ್ಮಗನ ಲಗ್ನಕ್ಕೆ 2019ರಲ್ಲಿ ನಾನು 501 ಹಾಕಿದ್ದೆ. ಚಟ ಬಿಡಲಿಲ್ಲ, ಲೆಕ್ಕ ಹಾಕಿದೆ. ಮೂವತ್ತೈದು ವರ್ಷಕ್ಕೆ ಚಕ್ರಬಡ್ಡಿ ಹನ್ನೊಂದೂವರೆ ಬರುತ್ತದೆ. ಅಂದರೆ ಇದೂ ಸಾಲವೇ, ಪುಕ್ಕಟೆಯದಲ್ಲ. ಆದರೆ ಜಾಮೀನಿಲ್ಲ, ಕಂತಿಲ್ಲ, ವಸೂಲಿಗೆ ಬರುವವರು ಹೊಸ ಸೀರೆ ಉಟ್ಟು ಬರುತ್ತಾರೆ. ಪೂರ್ತಿ ತೀರಿಸಲು ಹೋದರೆ ನೆಂಟಸ್ತನವೇ ತೀರುತ್ತದೆ.

ಮೊಮ್ಮಗಳಿಗೆ ಫೋನ್ ಮಾಡಿ ಹೇಳಿದೆ: ಆ್ಯಪಿನ ಸಾಲ ಬೇಡ. ಹೊಲವೂ ಬೇಡ. ಡಿಜೆ, ಡ್ರೋನು, ಹಲ್ದಿಯ ದಿನದ ಹಳದಿ ಛತ್ರಿ, ಇವಕ್ಕೆ ಸಾಲ ಮಾಡಿದರೆ ಅದು ನೋಡುವವರ ಕಣ್ಣಿಗೆ ಮಾಡಿದ್ದು, ಅವರು ರಾತ್ರಿಯೇ ಬಸ್ಸು ಹತ್ತಿ ಹೋಗುತ್ತಾರೆ. ಊಟಕ್ಕೆ ಕಡಿಮೆ ಬಿದ್ದರೆ ನನ್ನ ಹತ್ತಿರ ಒಂದಿಷ್ಟು ಠೇವಣಿ ಇದೆ, ಬಡ್ಡಿ ಬೇಡ. 2020ರಲ್ಲಿ ಐವತ್ತೇ ಮಂದಿ ಎಂದು ಸರಕಾರ ಹೇಳಿದಾಗ ಆದ ಲಗ್ನಗಳೂ ಗಟ್ಟಿಯಾಗಿಯೇ ಇವೆ. (ಅಂಥ ಒಂದು ಮನೆಯವರೇ ಮರುವರ್ಷ ಕುಬುಸಕ್ಕೆ ಸಾವಿರ ಮಂದಿಯನ್ನು ಕರೆದದ್ದನ್ನು ನಾನು ಅವಳಿಗೆ ಹೇಳಲಿಲ್ಲ.)

‘ಹಂಗಾದ್ರ ಎರಡು ನೂರು ಮಂದಿ ಸಾಕು ಮುತ್ಯಾ’ ಎಂದಳು. ಶನಿವಾರ ಬಂದಳು. ಇಬ್ಬರೂ ಆಯೇರಿ ಪುಸ್ತಕ ಹಿಡಿದು ಪಟ್ಟಿ ಮಾಡಲು ಕೂತೆವು. ಯಾರನ್ನು ಬಿಡಬಹುದು ಎಂದು ಅವಳು ಪೆನ್ನು ಹಿಡಿದಿದ್ದಳು. ನಾನು ಒಂದೊಂದು ಹೆಸರಿಗೂ ಒಂದೊಂದು ಕಥೆ ಹೇಳಿದೆ. ಇವರು ನನ್ನ ತಂಗಿಯ ಬಾಣಂತನಕ್ಕೆ ತುಪ್ಪ ಕಳಿಸಿದವರು. ಇವರು ಬರಗಾಲದಲ್ಲಿ ಜೋಳ ಕೊಟ್ಟವರು. ಸಂಜೆಗೆ ಪಟ್ಟಿ ನಾಲ್ಕು ನೂರ ಹತ್ತಕ್ಕೆ ಬಂತು. ಅವಳು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು.

ಕೊನೆಯ ಹಾಳೆಯಲ್ಲಿ 5 ರೂಪಾಯಿ ಹಾಕಿದ ಒಂದು ಹೆಸರಿತ್ತು. ‘ಇವರ್ಯಾರು? ಐದೇ ರೂಪಾಯಿ. ಇವರನ್ನ ಬಿಡಬಹುದಲ್ಲ?’

‘ಅವರನ್ನ ಬಿಡಬ್ಯಾಡ’ ಎಂದೆ. ‘ಅವರ ಎಮ್ಮಿಯಿಂದ ಆ ಊರಾಗ ಐದು ಲಗ್ನ ಆಗ್ಯಾವ.’

ನಾಲ್ಕು ನೂರ ಹನ್ನೊಂದು ಎಂದು ಬರೆದುಕೊಂಡಳು.